ಒಂದು ಪ್ರಶ್ನೆಯ ಸುತ್ತ ಒಂದು ತರಗತಿ: ಕಾಲೇಜು ವಿದ್ಯಾರ್ಥಿಗಳನ್ನು ಕಲಿಕೆಯಲ್ಲಿ ತೊಡಗಿಸುವ ಬಗೆ

ಪದವಿ ಕಾಲೇಜಿನ ಮೊದಲ ಸೆಮಿಸ್ಟರ್‌ಗೆ ಅರ್ಥಶಾಸ್ತ್ರ ಕಲಿಸುವವರಿಗೆಲ್ಲ ಪರಿಚಯವಿರುವ ಒಂದು ಸನ್ನಿವೇಶದಿಂದ ಆರಂಭಿಸುತ್ತೇನೆ. ಬೇಡಿಕೆ ರೇಖೆಯ (ಯಾವ ಬೆಲೆಗೆ ಜನ ಎಷ್ಟು ಕೊಳ್ಳುತ್ತಾರೆಂದು ತೋರಿಸುವ ಗೆರೆ) ಮೇಲಿನ ಚಲನೆಗೂ ಇಡೀ ರೇಖೆಯೇ ಜಾಗ ಬದಲಿಸುವ ಪಲ್ಲಟಕ್ಕೂ ಇರುವ ವ್ಯತ್ಯಾಸವನ್ನು ನಲವತ್ತು ನಿಮಿಷ ವಿವರಿಸಿ, ಬೋರ್ಡಿನ ಮೇಲೆ ಎರಡು ಅಚ್ಚುಕಟ್ಟಾದ ಚಿತ್ರ ಬರೆದು, "ಅರ್ಥವಾಯಿತೇ?" ಎಂದು ಕೇಳಿದೆ. "ಆಯ್ತು ಸರ್" ಎಂದು ಇಡೀ ತರಗತಿ ಒಕ್ಕೊರಲಿನಿಂದ ಹೇಳಿತು. ಉಳಿದ ಹತ್ತು ನಿಮಿಷದಲ್ಲಿ ಒಬ್ಬೊಬ್ಬರಿಗೂ ಒಂದು ಚೀಟಿ ಹಂಚಿ ಸಣ್ಣದೊಂದು ಪ್ರಶ್ನೆಗೆ ಉತ್ತರ ಬರೆಸಿದಾಗ ಅರ್ಧಕ್ಕಿಂತ ಹೆಚ್ಚು ಚೀಟಿಗಳಲ್ಲಿ ತಪ್ಪು ಉತ್ತರವಿತ್ತು. ವಿದ್ಯಾರ್ಥಿಗಳು ಸುಳ್ಳು ಹೇಳಿರಲಿಲ್ಲ. ನಾನು ಹೇಳಿದ ಮಾತು ಅವರಿಗೆ ಕೇಳುವಾಗ ಅರ್ಥವಾಗಿತ್ತು. ಅದನ್ನು ತಾವೇ ಎತ್ತಿಕೊಂಡು ಒಂದು ಹೊಸ ಸಂದರ್ಭಕ್ಕೆ ಹಚ್ಚಿ ನೋಡುವ ಅವಕಾಶ ಮಾತ್ರ ಅವರಿಗೆ ಸಿಕ್ಕಿರಲಿಲ್ಲ.

ಸಕ್ರಿಯ ಕಲಿಕೆ ಎಂಬ ಮಾತನ್ನು ಕೇಳಿದೊಡನೆ ನಮ್ಮಲ್ಲಿ ಅನೇಕರಿಗೆ ಚಾರ್ಟು, ಆಟ, ಗುಂಪು ಚಟುವಟಿಕೆ, ವಿದ್ಯಾರ್ಥಿ ಸೆಮಿನಾರು ಇವೆಲ್ಲ ನೆನಪಾಗುತ್ತವೆ. ಇವುಗಳಲ್ಲಿ ಕೆಲವು ಒಳ್ಳೆಯವೇ. ಆದರೆ ಒಬ್ಬ ವಿದ್ಯಾರ್ಥಿ ವೇದಿಕೆಯ ಮೇಲೆ ನಿಂತು ಪಠ್ಯಪುಸ್ತಕವನ್ನು ಓದಿ ಹೇಳುತ್ತಿರುವಾಗ ಉಳಿದ ಅರವತ್ತೊಂಬತ್ತು ಮಂದಿ ಕೇಳುತ್ತ ಕುಳಿತಿದ್ದರೆ ಅಲ್ಲಿ ಉಪನ್ಯಾಸಕರು ಬದಲಾಗಿದ್ದಾರೆ, ಕಲಿಕೆ ಬದಲಾಗಿಲ್ಲ. ನಾನು ಇಟ್ಟುಕೊಂಡಿರುವ ಅಳತೆಗೋಲು ಸರಳವಾದುದು: ಒಂದು ಪಿರಿಯಡ್ಡಿನಲ್ಲಿ ತರಗತಿಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಕನಿಷ್ಠ ಒಮ್ಮೆ ತನ್ನದೇ ಆದ ಒಂದು ಉತ್ತರವನ್ನು ಹಿಡಿದು ನಿಂತನೇ, ಅದಕ್ಕೆ ಕಾರಣವನ್ನು ಇನ್ನೊಬ್ಬರಿಗೆ ಹೇಳಿದನೇ? ಇಷ್ಟು ನಡೆಯಲು ಪ್ರೊಜೆಕ್ಟರ್ ಬೇಕಿಲ್ಲ, ಸ್ಮಾರ್ಟ್ ಕ್ಲಾಸ್ ಬೇಕಿಲ್ಲ. ಒಂದು ಒಳ್ಳೆಯ ಪ್ರಶ್ನೆಯೂ ಅದನ್ನು ಕೇಳಿದ ಮೇಲೆ ಸುಮ್ಮನಿರುವ ಧೈರ್ಯವೂ ಬೇಕು. ಈ ಬರಹದ ಬಹುಪಾಲು ಆ ಎರಡರ ಕುರಿತಾಗಿಯೇ ಇದೆ.

ಇದು ಕೇವಲ ಅಭಿರುಚಿಯ ವಿಷಯವಲ್ಲ ಎನ್ನುವುದಕ್ಕೆ ಆಧಾರವಿದೆ. ಅಮೆರಿಕದಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು 2014ರಲ್ಲಿ ವಿಜ್ಞಾನ, ಎಂಜಿನಿಯರಿಂಗ್ ಮತ್ತು ಗಣಿತದ ಪದವಿ ತರಗತಿಗಳ ಬಗ್ಗೆ ನಡೆದಿದ್ದ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಬರೀ ಉಪನ್ಯಾಸ ನಡೆದ ತರಗತಿಗಳಲ್ಲಿ ಸರಾಸರಿ ಶೇ 33.8ರಷ್ಟು ವಿದ್ಯಾರ್ಥಿಗಳು ಅನುತ್ತೀರ್ಣರಾಗಿದ್ದರೆ, ವಿದ್ಯಾರ್ಥಿಗಳನ್ನು ತೊಡಗಿಸಿಕೊಂಡ ತರಗತಿಗಳಲ್ಲಿ ಆ ಪ್ರಮಾಣ ಶೇ 21.8 ಆಗಿತ್ತು. ಕಲಾ ಮತ್ತು ವಾಣಿಜ್ಯ ವಿಷಯಗಳು ಆ ಲೆಕ್ಕದಲ್ಲಿ ಇರಲಿಲ್ಲ ಎಂಬುದನ್ನು ನೆನಪಿಡಬೇಕು. ಆದರೂ ತರಗತಿಯ ಹಿಂದಿನ ಬೆಂಚುಗಳಲ್ಲಿ ಕೂತು, ಕೊನೆಗೆ ಬ್ಯಾಕ್‌ಲಾಗ್ ಉಳಿಸಿಕೊಂಡು, ಮೂರನೆಯ ವರ್ಷದ ಹೊತ್ತಿಗೆ ಕಾಲೇಜನ್ನೇ ಬಿಡುವ ಹುಡುಗರನ್ನು ನೋಡಿದವರಿಗೆ ಈ ಅಂಕಿಗಳ ಹಿಂದಿರುವ ಮುಖಗಳು ಕಾಣುತ್ತವೆ.

ಮೊದಲು ಪ್ರಶ್ನೆಯನ್ನು ಕಟ್ಟಿ

ಪಾಠಕ್ಕೆ ಸಿದ್ಧರಾಗುವಾಗ ನಾವು ಸಾಮಾನ್ಯವಾಗಿ "ಇವತ್ತು ಏನು ಹೇಳಬೇಕು" ಎಂದು ಟಿಪ್ಪಣಿ ಮಾಡಿಕೊಳ್ಳುತ್ತೇವೆ. ಅದಕ್ಕೂ ಮೊದಲು, ಈ ಪಾಠದಲ್ಲಿ ವಿದ್ಯಾರ್ಥಿ ಎಡವುವ ಜಾಗ ಯಾವುದು ಎಂದು ಹುಡುಕಿ, ಆ ಜಾಗದಲ್ಲಿ ಒಂದು ಪ್ರಶ್ನೆಯನ್ನು ನೆಡಬೇಕು. ವ್ಯಾಖ್ಯೆ ಕೇಳುವ ಪ್ರಶ್ನೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಅದಕ್ಕೆ ಉತ್ತರ ನೋಟ್ಸಿನಲ್ಲಿಯೇ ಇರುತ್ತದೆ ಮತ್ತು ಅದರ ಬಗ್ಗೆ ಇಬ್ಬರು ವಾದ ಮಾಡಲು ಏನೂ ಉಳಿದಿರುವುದಿಲ್ಲ.

ಬೇಡಿಕೆ ರೇಖೆಯ ಪಾಠಕ್ಕೆ ನಾನು ಬಳಸುವ ಪ್ರಶ್ನೆ ಇದು. ಕೋಲಾರದ ಮಾರುಕಟ್ಟೆಗೆ ಟೊಮ್ಯಾಟೊ ರಾಶಿರಾಶಿಯಾಗಿ ಬಂದು, ಕೆ.ಜಿ.ಗೆ 60 ರೂಪಾಯಿ ಇದ್ದ ಬೆಲೆ 20 ರೂಪಾಯಿಗೆ ಇಳಿಯಿತು. ಜನ ಮೊದಲಿಗಿಂತ ಹೆಚ್ಚು ಟೊಮ್ಯಾಟೊ ಕೊಂಡರು. ಈಗ ಟೊಮ್ಯಾಟೊದ ಬೇಡಿಕೆ ರೇಖೆಗೆ ಏನಾಯಿತು? ಒಂದು, ರೇಖೆ ಬಲಕ್ಕೆ ಸರಿಯಿತು. ಎರಡು, ರೇಖೆ ಎಡಕ್ಕೆ ಸರಿಯಿತು. ಮೂರು, ರೇಖೆ ಇದ್ದಲ್ಲಿಯೇ ಇದೆ, ನಾವು ಅದೇ ರೇಖೆಯ ಮೇಲೆ ಕೆಳಗಿನ ಬಿಂದುವಿಗೆ ಬಂದೆವು. ನಾಲ್ಕು, ರೇಖೆಯ ಇಳಿಜಾರು ಬದಲಾಯಿತು.

ಸರಿಯಾದ ಉತ್ತರ ಮೂರನೆಯದು. ಆದರೆ ಮೊದಲನೆಯದಕ್ಕೇ ಹೆಚ್ಚು ಕೈ ಏಳುತ್ತದೆ, ಮತ್ತು ಅದಕ್ಕೆ ಕಾರಣ ದಡ್ಡತನವಲ್ಲ. "ಟೊಮ್ಯಾಟೊಗೆ ಬೇಡಿಕೆ ಹೆಚ್ಚಿದೆ" ಎಂದು ನಾವು ಮನೆಯಲ್ಲಿಯೂ ಸಂತೆಯಲ್ಲಿಯೂ ಹೇಳುವಾಗ ಜನ ಹೆಚ್ಚು ಕೊಳ್ಳುತ್ತಿದ್ದಾರೆ ಎಂದಷ್ಟೇ ಅರ್ಥ. ಅರ್ಥಶಾಸ್ತ್ರದಲ್ಲಿ ಬೇಡಿಕೆಯೇ ಬೇರೆ, ಬೇಡಿಕೆಯ ಪರಿಮಾಣವೇ ಬೇರೆ: ಬೇಡಿಕೆ ಎಂದರೆ ಇಡೀ ರೇಖೆ, ಪರಿಮಾಣ ಎಂದರೆ ಒಂದು ಬೆಲೆಗೆ ಜನ ಕೊಳ್ಳುವಷ್ಟು. ಆಡುಮಾತು ವಿದ್ಯಾರ್ಥಿಯನ್ನು ಒಂದು ಕಡೆಗೆ ಎಳೆಯುತ್ತದೆ, ಶಾಸ್ತ್ರ ಇನ್ನೊಂದು ಕಡೆಗೆ ಕರೆಯುತ್ತದೆ. ಹೀಗೆ ಎಳೆದಾಟ ಇರುವ ಕಡೆಯಲ್ಲಿಯೇ ಒಳ್ಳೆಯ ಪ್ರಶ್ನೆ ಹುಟ್ಟುತ್ತದೆ. ತಪ್ಪು ಆಯ್ಕೆಗಳನ್ನು ಮನಸ್ಸಿಗೆ ತೋಚಿದಂತೆ ಬರೆಯಬಾರದು. ಪ್ರತಿಯೊಂದು ತಪ್ಪು ಆಯ್ಕೆಯೂ ಯಾರಾದರೂ ವಿದ್ಯಾರ್ಥಿ ನಿಜವಾಗಿಯೂ ನಂಬಬಹುದಾದದ್ದಾಗಿರಬೇಕು. ಹಳೆಯ ಉತ್ತರ ಪತ್ರಿಕೆಗಳನ್ನು ತಿರುವಿ ಹಾಕಿದರೆ ಇಂಥ ತಪ್ಪುಗಳು ರಾಶಿಯಾಗಿ ಸಿಗುತ್ತವೆ. ಮೌಲ್ಯಮಾಪನದ ಸಮಯದಲ್ಲಿ ನಾವು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿ ಮರೆತುಬಿಡುವ ಆ ವಾಕ್ಯಗಳು ಮುಂದಿನ ವರ್ಷದ ಪಾಠಕ್ಕೆ ಬಂಡವಾಳ ಎಂದು ನನಗೆ ತಡವಾಗಿ ಹೊಳೆಯಿತು.

ಇದರ ಬೆನ್ನಿಗೆ ಇನ್ನೊಂದು ಪ್ರಶ್ನೆ ಕೈಯಲ್ಲಿರಬೇಕು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಸೇವಂತಿಗೆಯ ಬೆಲೆ ಎರಡು ಪಟ್ಟಾಗಿದೆ, ಆದರೂ ಜನ ಮಾಮೂಲಿಗಿಂತ ಹೆಚ್ಚು ಹೂವು ಕೊಳ್ಳುತ್ತಿದ್ದಾರೆ. ಹಾಗಾದರೆ ಬೆಲೆ ಏರಿದರೆ ಜನ ಕೊಳ್ಳುವುದು ಕಡಿಮೆಯಾಗುತ್ತದೆ ಎಂಬ ಬೇಡಿಕೆ ನಿಯಮ ಸುಳ್ಳಾಯಿತೇ? ಟೊಮ್ಯಾಟೊ ಪ್ರಶ್ನೆಯಲ್ಲಿ ರೇಖೆ ನಿಂತಲ್ಲಿಯೇ ಇದ್ದರೆ, ಇಲ್ಲಿ ಹಬ್ಬದ ಕಾರಣದಿಂದ ಇಡೀ ರೇಖೆಯೇ ಬಲಕ್ಕೆ ಸರಿದಿದೆ. ಬೆಲೆ ಏರಿದ್ದು ಅದರ ಪರಿಣಾಮ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ವಾದ ಮಾಡಿದ ವಿದ್ಯಾರ್ಥಿ ಚಲನೆ ಮತ್ತು ಪಲ್ಲಟದ ವ್ಯತ್ಯಾಸವನ್ನು ಪರೀಕ್ಷೆಯ ನಂತರವೂ ಮರೆಯುವುದಿಲ್ಲ.

ಪ್ರಶ್ನೆ ಕೇಳಿದ ಮೇಲಿನ ಹನ್ನೆರಡು ನಿಮಿಷ

ಪ್ರಶ್ನೆ ಕೇಳಿ, ವಿದ್ಯಾರ್ಥಿಗಳೇ ಒಬ್ಬರಿಗೊಬ್ಬರು ಕಾರಣ ಹೇಳಿ ವಾದ ಮಾಡುವಂತೆ ಬಿಡುವ ಕ್ರಮವನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಿಂದ ತಮ್ಮ ತರಗತಿಯಲ್ಲಿ ರೂಪಿಸಿದರು. ಅವರ ವಿದ್ಯಾರ್ಥಿಗಳು ಕಠಿಣ ಲೆಕ್ಕಗಳನ್ನು ಬಿಡಿಸುತ್ತಿದ್ದರು, ಆದರೆ ಬಲ ಮತ್ತು ಚಲನೆಯ ಕುರಿತ ತೀರ ಸರಳ ಪ್ರಶ್ನೆಗಳಲ್ಲಿ ಎಡವುತ್ತಿದ್ದರು. ನೀವು ಕಲಿಸಿದ ಹಾಗೆ ಉತ್ತರಿಸಬೇಕೇ, ನಾವು ಯೋಚಿಸುವ ಹಾಗೆ ಉತ್ತರಿಸಬೇಕೇ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದ್ದು ಅವರ ಕಣ್ಣು ತೆರೆಸಿತು. ಅಲ್ಲಿಂದ ಬಂದ ವಿಧಾನದ ಹೆಸರು ಸಹಪಾಠಿ ಬೋಧನೆ ಎಂದಿಟ್ಟುಕೊಳ್ಳೋಣ. ನಮಗೆ ಇದು ಪೂರ್ತಿ ಹೊಸತೇನೂ ಅಲ್ಲ. ಕಲಿಕೆಯ ಕಾಲು ಭಾಗ ಗುರುವಿನಿಂದ, ಕಾಲು ಭಾಗ ಸ್ವಂತ ಬುದ್ಧಿಯಿಂದ, ಕಾಲು ಭಾಗ ಜೊತೆಯಲ್ಲಿ ಓದುವವರಿಂದ, ಉಳಿದ ಕಾಲು ಭಾಗ ಕಾಲಕ್ರಮದಲ್ಲಿ ಬರುತ್ತದೆ ಎಂಬ ಹಳೆಯ ಸಂಸ್ಕೃತ ಶ್ಲೋಕ ನಮ್ಮ ಹಿರಿಯರ ಬಾಯಲ್ಲಿ ಇದ್ದೇ ಇತ್ತು.

ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದು, ಒಮ್ಮೆ ಗಟ್ಟಿಯಾಗಿ ಓದಿ, ನಂತರ ಪೂರ್ತಿ ಸುಮ್ಮನಾಗಿ. ಒಂದೂವರೆ ನಿಮಿಷ ಯಾರೂ ಯಾರೊಂದಿಗೂ ಮಾತನಾಡಬಾರದು. ತಮ್ಮ ಉತ್ತರವನ್ನೂ ಒಂದು ಸಾಲಿನ ಕಾರಣವನ್ನೂ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಈ ಮೌನದ ಹೊತ್ತು ಅಧ್ಯಾಪಕರಿಗೆ ಬಹಳ ಕಷ್ಟದ್ದು. ಅಮೆರಿಕದ ಶಾಲೆಗಳ ವಿಜ್ಞಾನ ತರಗತಿಗಳನ್ನು 1970ರ ದಶಕದಲ್ಲಿ ಗಮನಿಸಿದ ಮೇರಿ ಬಡ್ ರೋ, ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ ಎಂದು ಕಂಡುಕೊಂಡರು. ಆ ಕಾಯುವಿಕೆಯನ್ನು ಮೂರು ಸೆಕೆಂಡಿಗೆ ಹಿಗ್ಗಿಸಿದಾಗಲೇ ಉತ್ತರಗಳು ಉದ್ದವಾದವು, ಅದುವರೆಗೆ ಬಾಯಿ ತೆರೆಯದವರೂ ಮಾತನಾಡಿದರು. ನಮ್ಮ ತರಗತಿಗಳಲ್ಲಿಯೂ ಮೊದಲ ಬೆಂಚಿನ ಮೂವರು ಉತ್ತರ ಹೇಳಿಬಿಡುವುದು ಅವರು ಮಾತ್ರ ಬುದ್ಧಿವಂತರು ಎಂಬ ಕಾರಣಕ್ಕಲ್ಲ. ಉಳಿದವರಿಗೆ ಯೋಚಿಸಲು ಸಮಯ ಸಿಗುವ ಮೊದಲೇ ಪ್ರಶ್ನೆ ಮುಗಿದುಹೋಗಿರುತ್ತದೆ.

ಮೌನ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಉತ್ತರ ತೋರಿಸಬೇಕು. ಕೈ ಎತ್ತಿಸಿದರೆ ಹಿಂದಿನವರು ಮುಂದಿನವರನ್ನು ನೋಡಿ ಎತ್ತುತ್ತಾರೆ. ಆದ್ದರಿಂದ "ಒಂದು, ಎರಡು, ಮೂರು" ಎಂದೊಡನೆ ಉತ್ತರದ ಸಂಖ್ಯೆಯಷ್ಟು ಬೆರಳುಗಳನ್ನು ಎದೆಗೆ ಒತ್ತಿ ಹಿಡಿಯಲು ಹೇಳಿ. ಎದುರಿಗೆ ನಿಂತ ನಿಮಗೆ ಎಲ್ಲವೂ ಕಾಣುತ್ತದೆ, ಪಕ್ಕದವರಿಗೂ ಹಿಂದಿನವರಿಗೂ ಕಾಣುವುದಿಲ್ಲ. ಮೊಬೈಲ್ ಬಳಸಲು ಇಷ್ಟವಿದ್ದರೆ ಪ್ಲಿಕರ್ಸ್ ಎಂಬ ವ್ಯವಸ್ಥೆಯಿದೆ: ವಿದ್ಯಾರ್ಥಿಗಳ ಕೈಯಲ್ಲಿ ಮುದ್ರಿಸಿದ ಕಾರ್ಡು ಮಾತ್ರ ಇರುತ್ತದೆ, ಅಧ್ಯಾಪಕರ ಒಂದೇ ಫೋನಿನ ಕ್ಯಾಮೆರಾ ಎಲ್ಲರ ಉತ್ತರವನ್ನು ಓದಿಕೊಳ್ಳುತ್ತದೆ. ಬೆರಳೂ ಸಾಕು.

ಎಣಿಕೆ ಅಂದಾಜಿನದಾದರೆ ಸಾಕು. ಸರಿ ಉತ್ತರ ಶೇ 70ಕ್ಕಿಂತ ಹೆಚ್ಚು ಮಂದಿಯದಾಗಿದ್ದರೆ ಚುಟುಕಾಗಿ ವಿವರಿಸಿ ಮುಂದೆ ಹೋಗಬಹುದು. ಶೇ 30ಕ್ಕಿಂತ ಕಡಿಮೆಯಿದ್ದರೆ ಚರ್ಚೆಗೆ ಬಿಡುವುದು ವ್ಯರ್ಥ, ಏಕೆಂದರೆ ತಿಳಿದವರೇ ಇಲ್ಲದ ಕಡೆ ತಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ. ಬೇರೆ ಉದಾಹರಣೆಯೊಂದಿಗೆ ಪಾಠವನ್ನೇ ಮತ್ತೆ ಮಾಡಬೇಕು. ಇವೆರಡರ ನಡುವೆ ಇದ್ದರೆ ಅದು ಅಧ್ಯಾಪಕರ ಅದೃಷ್ಟ. ಆಗ ಸರಿ ಉತ್ತರ ಯಾವುದೆಂದು ಮುಖಭಾವದಲ್ಲಿಯೂ ತೋರಿಸದೆ, "ಬೇರೆ ಉತ್ತರ ಹಿಡಿದಿರುವವರನ್ನು ಹುಡುಕಿ, ನಿಮ್ಮ ಕಾರಣ ಹೇಳಿ ಒಪ್ಪಿಸಿ" ಎಂದು ಮೂರು ನಿಮಿಷ ಬಿಡಿ.

ಈ ಮೂರು ನಿಮಿಷ ಮೇಜಿನ ಬಳಿ ನಿಲ್ಲದೆ ಬೆಂಚುಗಳ ನಡುವೆ ಓಡಾಡಬೇಕು. ಕಿವಿಗೆ ಬೀಳುವ ಮಾತು ಹೀಗಿರುತ್ತದೆ:

"ಜಾಸ್ತಿ ತಗೊಂಡ್ರು ಅಂದ್ಮೇಲೆ ಡಿಮ್ಯಾಂಡ್ ಜಾಸ್ತಿ ಆಯ್ತು ತಾನೆ?"

"ಅಲ್ಲ ಕಣೇ, ರೇಟು ಇಳಿದಿದ್ದಕ್ಕೆ ತಗೊಂಡ್ರು. ನಾಳೆ ಮತ್ತೆ ಅರವತ್ತಾದ್ರೆ ಬಿಟ್ಬಿಡ್ತಾರೆ. ಅಂದ್ರೆ ಗೆರೆ ಅಲ್ಲೇ ಇದೆ, ನಾವೇ ಮೇಲೆ ಕೆಳಗೆ ಓಡಾಡ್ತಿರೋದು."

"ನಾಳೆ ಬೆಲೆ ಮತ್ತೆ ಅರವತ್ತಾದರೆ" ಎಂಬ ಆ ಒಂದು ಪರೀಕ್ಷೆ ನನ್ನ ನಲವತ್ತು ನಿಮಿಷದ ವಿವರಣೆಯಲ್ಲಿ ಇರಲಿಲ್ಲ. ನಿನ್ನೆಯಷ್ಟೇ ಆ ಗೊಂದಲವನ್ನು ದಾಟಿ ಬಂದವಳಿಗೆ ಪಕ್ಕದವಳು ಎಲ್ಲಿ ಸಿಕ್ಕಿಕೊಂಡಿದ್ದಾಳೆ ಎಂಬುದು ಗೊತ್ತಿರುತ್ತದೆ; ಇಪ್ಪತ್ತು ವರ್ಷದಿಂದ ಅದೇ ಪಾಠ ಮಾಡುತ್ತಿರುವ ನಮಗೆ ಅದು ಮರೆತುಹೋಗಿರುತ್ತದೆ. ಮತ್ತೊಮ್ಮೆ ಬೆರಳು ತೋರಿಸಲು ಹೇಳಿ, ಮೊದಲ ಮತ್ತು ಎರಡನೆಯ ಎಣಿಕೆಯನ್ನು ಬೋರ್ಡಿನ ಮೂಲೆಯಲ್ಲಿ ಬರೆಯಿರಿ. ಆಮೇಲೆ ಸರಿ ಉತ್ತರವನ್ನು ಹೇಳುವುದರ ಜೊತೆಗೆ, ಪ್ರತಿಯೊಂದು ತಪ್ಪು ಉತ್ತರ ಯಾಕೆ ಸರಿ ಎನಿಸುತ್ತದೆ ಎಂಬುದನ್ನೂ ಬಿಡಿಸಿ ಹೇಳಬೇಕು. ಈ ಕೊನೆಯ ಹಂತವನ್ನು ಗಡಿಬಿಡಿಯಲ್ಲಿ ಬಿಟ್ಟುಬಿಟ್ಟರೆ ತಪ್ಪು ಉತ್ತರ ಹಿಡಿದವರು ಸೋತೆವೆಂಬ ಭಾವನೆಯನ್ನಷ್ಟೇ ಒಯ್ಯುತ್ತಾರೆ.

ಐವತ್ತೈದು ನಿಮಿಷದ ಪಿರಿಯಡ್ಡಿನಲ್ಲಿ ಇಂಥ ಎರಡು ಸುತ್ತಿಗಿಂತ ಹೆಚ್ಚು ಹಿಡಿಯುವುದಿಲ್ಲ. ಮೊದಲ ಐದು ನಿಮಿಷ ಹಿಂದಿನ ಪಾಠದ ನೆನಪಿಗೆ, ನಂತರ ಹನ್ನೆರಡು ನಿಮಿಷ ವಿವರಣೆ, ಹನ್ನೆರಡು ನಿಮಿಷ ಒಂದು ಪ್ರಶ್ನೆ, ಮತ್ತೆ ವಿವರಣೆ, ಮತ್ತೊಂದು ಪ್ರಶ್ನೆ, ಕೊನೆಗೆ ಮೂರು ನಿಮಿಷ ಚೀಟಿ ಎಂಬಂತೆ ಹೊಂದಿಸಿಕೊಳ್ಳಬಹುದು. ಉಪನ್ಯಾಸವನ್ನು ಪೂರ್ತಿ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಒಂದು ಪ್ರಶ್ನೆಯಲ್ಲಿ ಎಡವಿದ ವಿದ್ಯಾರ್ಥಿ ಅದರ ನಂತರ ಬರುವ ಹತ್ತು ನಿಮಿಷದ ಉಪನ್ಯಾಸವನ್ನು ಕೇಳುವ ಬಗೆಯೇ ಬೇರೆ.

ಮಾತಿನ ಭಾಷೆ, ಕೂರುವ ಜಾಗ

ನಮ್ಮ ಬಿ.ಕಾಂ. ಮತ್ತು ಬಿ.ಎಸ್ಸಿ. ತರಗತಿಗಳಲ್ಲಿ ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಒಮ್ಮೆಲೇ ಇಂಗ್ಲಿಷ್ ಪಠ್ಯದ ಎದುರು ಕೂತವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವರ ಮೌನವನ್ನು ನಾವು ಎಷ್ಟೋ ಸಲ ಅಜ್ಞಾನವೆಂದು ತಪ್ಪು ತಿಳಿಯುತ್ತೇವೆ. ಉತ್ತರ ಗೊತ್ತಿರುತ್ತದೆ, ಅದನ್ನು ಇಂಗ್ಲಿಷಿನಲ್ಲಿ, ಎಪ್ಪತ್ತು ಜನರ ಎದುರು, ತಪ್ಪಿಲ್ಲದೆ ಹೇಳುವ ಧೈರ್ಯವಿರುವುದಿಲ್ಲ. ಆದ್ದರಿಂದ ಪ್ರಶ್ನೆ ಇಂಗ್ಲಿಷಿನಲ್ಲಿದ್ದರೂ ಚರ್ಚೆ ಅವರ ಭಾಷೆಯಲ್ಲಿ ನಡೆಯಲಿ. ಕನ್ನಡವಾಗಲಿ, ತುಳುವಾಗಲಿ, ಉರ್ದುವಾಗಲಿ, ಯೋಚನೆ ಸಲೀಸಾಗಿ ಓಡುವ ಭಾಷೆಯಲ್ಲಿ ವಾದ ಮಾಡಲಿ. ಚರ್ಚೆ ಮುಗಿದ ಮೇಲೆ, ಒಪ್ಪಿಕೊಂಡ ಕಾರಣವನ್ನು ಪರೀಕ್ಷೆ ಬರೆಯುವ ಭಾಷೆಯಲ್ಲಿ ಎರಡು ವಾಕ್ಯವಾಗಿ ಇಬ್ಬರೂ ಸೇರಿ ಬರೆಯಲಿ. ಹೀಗೆ ಮಾಡಿದಾಗ ವಿಷಯವೂ ಭಾಷೆಯೂ ಒಂದಕ್ಕೊಂದು ಅಡ್ಡ ಬರುವುದಿಲ್ಲ. ಇದನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುತ್ತೇನೆ. ಬೇರೆ ದೇಶದ ಕೈಪಿಡಿಗಳಲ್ಲಿ ಈ ಅಂಶಕ್ಕೆ ಹೆಚ್ಚು ಜಾಗವಿರುವುದಿಲ್ಲ. ನಮ್ಮಲ್ಲಿ ಇದನ್ನು ಬಿಟ್ಟರೆ ಉಳಿದ ಯಾವ ವಿಧಾನವೂ ಅರ್ಧ ತರಗತಿಯನ್ನು ತಲುಪುವುದಿಲ್ಲ.

ಕೂರುವ ವಿಷಯಕ್ಕೆ ಬಂದರೆ, ನೆಲಕ್ಕೆ ಜೋಡಿಸಿದ ಉದ್ದ ಬೆಂಚುಗಳಲ್ಲಿ ಗುಂಪು ಮಾಡುವುದು ಹೇಗೆ ಎಂಬ ಪ್ರಶ್ನೆ ಸಹಜ. ಜಾಗ ಬದಲಿಸಲು ಹೋದರೆ ಹತ್ತು ನಿಮಿಷ ಹೋಗುತ್ತದೆ. ಪಕ್ಕದವರೊಂದಿಗೆ ಇಬ್ಬಿಬ್ಬರು, ಅಥವಾ ಸರಿಸಂಖ್ಯೆಯ ಬೆಂಚಿನವರು ಹಿಂದಕ್ಕೆ ತಿರುಗಿ ನಾಲ್ವರೋ ಆರು ಮಂದಿಯೋ ಆಗುವಷ್ಟು ಸಾಕು. ಹುಡುಗಿಯರು ಒಂದು ಕಡೆ, ಹುಡುಗರು ಒಂದು ಕಡೆ ಕೂರುವ ತರಗತಿಯಲ್ಲಿ ಮೊದಲ ದಿನವೇ ಬೆರೆಸಲು ಹೋಗಿ ಎಲ್ಲರ ಬಾಯಿ ಕಟ್ಟುವ ಬದಲು, ಅವರವರ ಬೆಂಚಿನಲ್ಲಿ ಮಾತು ಆರಂಭವಾಗಲಿ. ಒಂದು ತಿಂಗಳು ಕಳೆದ ಮೇಲೆ ಬೆರೆಸುವುದು ಸುಲಭ.

ಚರ್ಚೆಯ ನಂತರ ಉತ್ತರ ಕೇಳುವಾಗ ಪದಗಳ ಆಯ್ಕೆ ಮುಖ್ಯ. "ನೀನು ಎದ್ದು ನಿಂತು ಉತ್ತರ ಹೇಳು" ಎಂದರೆ ತಪ್ಪಾದಾಗ ಅವಮಾನ ಒಬ್ಬನಿಗೇ. "ಈ ಬೆಂಚಿನಲ್ಲಿ ಏನು ಮಾತಾಡಿಕೊಂಡಿರಿ?" ಎಂದು ಕೇಳಿದರೆ ಹೇಳುವವನು ಬೆಂಚಿನ ಪರವಾಗಿ ಹೇಳುತ್ತಾನೆ, ಕೂತೇ ಹೇಳಬಹುದು. ಹಿಂದಿನ ಬೆಂಚಿನಿಂದ ಮೊದಲ ಸಲ ಬಂದ ಧ್ವನಿಗೆ ಉತ್ತರ ತಪ್ಪಿದ್ದರೂ "ಈ ಕಾರಣ ಇನ್ನೂ ಹಲವರ ಮನಸ್ಸಿನಲ್ಲಿದೆ, ಹೇಳಿದ್ದು ಒಳ್ಳೆಯದಾಯಿತು" ಎಂದು ಹೇಳಿದರೆ, ಮುಂದಿನ ವಾರ ಅದೇ ಕಡೆಯಿಂದ ಇನ್ನೊಂದು ಧ್ವನಿ ಬರುತ್ತದೆ.

ಉದ್ದದ ಅಧ್ಯಾಯಗಳಿಗೆ ಮನೋವಿಜ್ಞಾನಿ ಎಲಿಯಟ್ ಆರನ್ಸನ್ 1971ರಲ್ಲಿ ಟೆಕ್ಸಾಸಿನ ಆಸ್ಟಿನ್ ನಗರದ ಶಾಲೆಗಳಲ್ಲಿ ಆರಂಭಿಸಿದ ಜಿಗ್ಸಾ ವಿಧಾನವೂ ಇದೆ. ಪಾಠವನ್ನು ನಾಲ್ಕು ಭಾಗ ಮಾಡಿ, ಒಂದೊಂದು ಭಾಗವನ್ನು ಒಬ್ಬೊಬ್ಬರು ಓದಿ ಬಂದು ತಮ್ಮ ಗುಂಪಿಗೆ ಕಲಿಸುತ್ತಾರೆ. ಹಾಜರಿ ಏರಿಳಿತವಾಗುವ ನಮ್ಮ ತರಗತಿಗಳಲ್ಲಿ ಒಂದು ಭಾಗದವರು ಬರದಿದ್ದರೆ ಗುಂಪೇ ಕುಂಟುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ, ಅದೂ ಒಂದೊಂದು ಭಾಗಕ್ಕೆ ಇಬ್ಬರನ್ನು ನೇಮಿಸಿ ಮಾಡುವುದು ಒಳಿತು.

ಪೋರ್ಷನ್ ಮುಗಿಯುವುದು ಹೇಗೆ?

ಸ್ಟಾಫ್ ರೂಮಿನಲ್ಲಿ ಈ ವಿಷಯ ತೆಗೆದಾಗ ಮೊದಲು ಬರುವ ಮಾತು ಇದೇ, ಮತ್ತು ಇದು ನ್ಯಾಯವಾದ ಮಾತು. ಸೆಮಿಸ್ಟರ್ ಮೊಟಕಾಗಿದೆ, ನಡುವೆ ಪರೀಕ್ಷಾ ಕೆಲಸ, ಮೌಲ್ಯಮಾಪನ, ಕ್ರೀಡಾಕೂಟ ಎಲ್ಲ ಇವೆ. ಅತಿಥಿ ಉಪನ್ಯಾಸಕರಿಗಂತೂ ಅರ್ಧ ಪಾಠ ಕೈಗೆ ಬರುವಾಗಲೇ ಸೆಮಿಸ್ಟರ್ ಒಂದು ತಿಂಗಳು ಕಳೆದಿರುತ್ತದೆ. ಹಾಗಾಗಿ ಸಮಯವನ್ನು ಎಲ್ಲಿಂದ ತರಬೇಕೆಂದು ನೇರವಾಗಿ ಹೇಳುತ್ತೇನೆ: ನೋಟ್ಸ್ ಹೇಳಿ ಬರೆಸುವ ಸಮಯದಿಂದ. ಒಂದು ಪಿರಿಯಡ್ಡಿನಲ್ಲಿ ಬರೆಸುವುದಕ್ಕೆ ಎಷ್ಟು ನಿಮಿಷ ಹೋಗುತ್ತದೆಂದು ಒಂದು ವಾರ ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ. ಆ ನೋಟ್ಸನ್ನು ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿಯೋ ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿಯೋ ಮೊದಲೇ ಕೊಟ್ಟುಬಿಟ್ಟರೆ ಆ ನಿಮಿಷಗಳು ಪ್ರಶ್ನೆಗೆ ಸಿಗುತ್ತವೆ. ಕೊಡುವ ನೋಟ್ಸಿನಲ್ಲಿ ಚಿತ್ರಗಳ ಜಾಗವನ್ನೂ ಮುಖ್ಯ ಕಾರಣಗಳ ಜಾಗವನ್ನೂ ಖಾಲಿ ಬಿಟ್ಟರೆ, ತರಗತಿಗೆ ಬಂದವರು ಮಾತ್ರ ಅದನ್ನು ತುಂಬಿಕೊಳ್ಳಬಲ್ಲರು.

ಇನ್ನೊಂದು ಅಡ್ಡಿ ವಿದ್ಯಾರ್ಥಿಗಳಿಂದಲೇ ಬರುತ್ತದೆ. "ಸರ್ ಪಾಠ ಮಾಡಲ್ಲ, ನಮ್ಮ ಕೈಲೇ ಮಾಡಿಸ್ತಾರೆ" ಎಂಬ ದೂರು ಪ್ರಾಂಶುಪಾಲರವರೆಗೂ ಹೋಗಬಹುದು. ಹಾರ್ವರ್ಡ್‌ನಲ್ಲಿ ಲೂಯಿ ಡೆಲೊರಿಯೆ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಇದೇ ಕಂಡಿತು: ಒಂದೇ ಪಾಠವನ್ನು ಎರಡು ಬಗೆಯಲ್ಲಿ ಕಲಿಸಿದಾಗ, ತೊಡಗಿಕೊಂಡು ಕಲಿತವರು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು, ಆದರೆ ತಾವು ಕಡಿಮೆ ಕಲಿತೆವೆಂದು ಭಾವಿಸಿದರು. ಸೊಗಸಾದ ಉಪನ್ಯಾಸ ಕೇಳುವಾಗ ಎಲ್ಲವೂ ತಿಳಿದಂತೆ ಅನಿಸುತ್ತದೆ. ತಲೆ ಕೆಡಿಸಿಕೊಂಡು ಯೋಚಿಸುವಾಗ ಏನೂ ತಿಳಿದಿಲ್ಲವೆನಿಸುತ್ತದೆ. ಇದನ್ನು ಮೊದಲ ವಾರದಲ್ಲಿಯೇ ವಿದ್ಯಾರ್ಥಿಗಳಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಬೋರ್ಡಿನ ಮೂಲೆಯಲ್ಲಿ ಬರೆದ ಎರಡು ಎಣಿಕೆಗಳು ಅಲ್ಲಿ ಸಹಾಯಕ್ಕೆ ಬರುತ್ತವೆ. ಮೊದಲು ಇಪ್ಪತ್ತೈದು ಮಂದಿ ಸರಿ ಇದ್ದವರು ಮೂರು ನಿಮಿಷದ ಚರ್ಚೆಯ ನಂತರ ಐವತ್ತಾದರೆ, ಆ ಹೆಚ್ಚಳದಲ್ಲಿ ನನ್ನ ಮಾತು ಒಂದೂ ಇರಲಿಲ್ಲ ಎಂದು ತೋರಿಸಬಹುದು.

ಪಿರಿಯಡ್ಡಿನ ಮೊದಲ ಐದು ನಿಮಿಷದ ನೆನಪಿನ ಕೆಲಸವನ್ನೂ ಬಿಡಬಾರದು. ಪುಸ್ತಕ ಮುಚ್ಚಿ, ಹಿಂದಿನ ತರಗತಿಯಲ್ಲಿ ಕಲಿತದ್ದನ್ನು ಮೂರು ವಾಕ್ಯದಲ್ಲಿ ಬರೆಯಬೇಕು, ಅಷ್ಟೇ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಮಾಡಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರಿಗೆ ಐದು ನಿಮಿಷದ ನಂತರ ಹೆಚ್ಚು ನೆನಪಿತ್ತು. ಒಂದು ವಾರದ ನಂತರ ಮಾತ್ರ, ಓದಿದ್ದನ್ನು ನೋಡದೆ ನೆನಪಿಸಿಕೊಂಡು ಬರೆದವರೇ ಮುಂದಿದ್ದರು. ಪರೀಕ್ಷೆಯ ಹಿಂದಿನ ರಾತ್ರಿ ಗೈಡ್ ತಿರುವಿಹಾಕುವ ಅಭ್ಯಾಸಕ್ಕೆ ನನಗೆ ಗೊತ್ತಿರುವ ಮದ್ದು ಇದೊಂದೇ.

ಆನ್‌ಲೈನ್ ತರಗತಿಯಲ್ಲಿ

2020ರ ಮಾರ್ಚಿನಲ್ಲಿ ಕಾಲೇಜುಗಳು ಮುಚ್ಚಿದಾಗ ನಮ್ಮಲ್ಲಿ ಬಹುತೇಕರು ಉಪನ್ಯಾಸವನ್ನೇ ಎತ್ತಿಕೊಂಡು ಹೋಗಿ ಗೂಗಲ್ ಮೀಟ್‌ನಲ್ಲಿ ಇಟ್ಟೆವು. ಮಲೆನಾಡಿನ ವಿದ್ಯಾರ್ಥಿಗಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ, ಕೊಡೆ ಹಿಡಿದು ಕೂತು ಆ ಉಪನ್ಯಾಸ ಕೇಳಿದರು. ಅಷ್ಟು ಕಷ್ಟಪಟ್ಟು ಬಂದವರಿಗೆ ನಾವು ಕೊಟ್ಟದ್ದು ಕಪ್ಪು ಪರದೆಯ ಮೇಲೆ ಒಂದು ಗಂಟೆಯ ಏಕಧ್ವನಿ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಈಗಲೂ ರಜೆ, ಮಳೆ, ಹೆಚ್ಚುವರಿ ತರಗತಿ ಎಂದು ಆನ್‌ಲೈನ್ ಪಾಠ ಉಳಿದುಕೊಂಡಿರುವುದರಿಂದ ಅದನ್ನು ಸರಿಯಾಗಿ ಮಾಡುವುದನ್ನು ಕಲಿಯಬೇಕಾಗಿದೆ.

ಮೊದಲ ತೀರ್ಮಾನ, ವಿವರಣೆಯನ್ನೂ ಪ್ರಶ್ನೆಯನ್ನೂ ಬೇರ್ಪಡಿಸುವುದು. ಬರೀ ವಿವರಣೆಗೆ ಎಲ್ಲರೂ ಒಂದೇ ಹೊತ್ತಿನಲ್ಲಿ ಸೇರಬೇಕಾದ ಅಗತ್ಯವಿಲ್ಲ. ಎಂಟು ನಿಮಿಷದ ಧ್ವನಿಮುದ್ರಣ ಮಾಡಿ, ಒಂದು ಚಿತ್ರದ ಫೋಟೊದೊಂದಿಗೆ ಹಿಂದಿನ ಸಂಜೆಯೇ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ. ವಿಡಿಯೊಗಿಂತ ಅದಕ್ಕೆ ಡೇಟಾ ಬಹಳ ಕಡಿಮೆ ಸಾಕು, ಹೊಲದಲ್ಲಿ ಕೆಲಸ ಮಾಡುತ್ತಲೂ ಬಸ್ಸಿನಲ್ಲಿ ಬರುತ್ತಲೂ ಕೇಳಬಹುದು. ನೇರ ತರಗತಿಯನ್ನು ಮೂವತ್ತೈದು ನಿಮಿಷಕ್ಕೆ ಇಳಿಸಿ, ಅದನ್ನು ಪೂರ್ತಿ ಪ್ರಶ್ನೆಗಳಿಗೆ ಮೀಸಲಿಡಿ. ಝೂಮ್‌ನ ಉಚಿತ ಆವೃತ್ತಿ ಹೇಗಿದ್ದರೂ ನಲವತ್ತು ನಿಮಿಷಕ್ಕೆ ಮುಗಿಯುತ್ತದೆ.

ಕ್ಯಾಮೆರಾ ಹಾಕಲು ಒತ್ತಾಯಿಸಬೇಡಿ. ಒಂದೇ ಕೋಣೆಯಲ್ಲಿ ಐದು ಜನರಿರುವ ಮನೆಯನ್ನು ಸಹಪಾಠಿಗಳಿಗೆ ತೋರಿಸುವುದು ಅನೇಕರಿಗೆ ಸಂಕೋಚದ ವಿಷಯ. ವಿದ್ಯಾರ್ಥಿ ಇದ್ದಾನೆಯೇ ಎಂದು ಮುಖದಿಂದ ತಿಳಿಯುವ ಬದಲು ಉತ್ತರದಿಂದ ತಿಳಿಯಬಹುದು. ಪ್ರಶ್ನೆ ಹಾಕಿದ ಮೇಲೆ, "ಚಾಟ್‌ನಲ್ಲಿ ನಿಮ್ಮ ಉತ್ತರದ ಸಂಖ್ಯೆಯನ್ನೂ ಕಾರಣವನ್ನೂ ಟೈಪ್ ಮಾಡಿ, ಆದರೆ ನಾನು ಹೇಳುವವರೆಗೆ ಕಳಿಸಬೇಡಿ" ಎಂದು ಹೇಳಿ ಎರಡು ನಿಮಿಷ ಕಾಯಿರಿ. "ಈಗ ಕಳಿಸಿ" ಎಂದೊಡನೆ ಅರವತ್ತು ಉತ್ತರಗಳು ಒಟ್ಟಿಗೆ ಇಳಿಯುತ್ತವೆ. ಯಾರೂ ಯಾರದನ್ನೂ ನೋಡಿ ಬರೆದಿರುವುದಿಲ್ಲ. ಅವುಗಳಲ್ಲಿ ಎರಡು ಎದುರುಬದುರಾದ ಕಾರಣಗಳನ್ನು ಆರಿಸಿ, ಹೆಸರು ಹೇಳದೆ ಗಟ್ಟಿಯಾಗಿ ಓದಿ, ಯಾವುದನ್ನು ಒಪ್ಪುತ್ತೀರಿ ಎಂದು ಮತ್ತೆ ಕೇಳಿ. ಎದುರಾಎದುರು ತರಗತಿಯಲ್ಲಿ ಬಾಯಿ ಬಿಡದ ವಿದ್ಯಾರ್ಥಿನಿ ಚಾಟ್‌ನಲ್ಲಿ ನಾಲ್ಕು ಸಾಲು ಬರೆದದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೂ ಬರೆಯಲಿ. ಹಾಜರಿಯನ್ನು ಈ ಉತ್ತರಗಳಿಂದಲೇ ತೆಗೆದುಕೊಂಡರೆ, ಸೇರಿಕೊಂಡು ಫೋನ್ ಬದಿಗಿಟ್ಟು ಹೋಗುವ ಅಭ್ಯಾಸ ತಾನಾಗಿಯೇ ಕಡಿಮೆಯಾಗುತ್ತದೆ.

ಸಹಪಾಠಿಗಳ ಚರ್ಚೆಗೆ ನಾನು ನೆಚ್ಚಿಕೊಂಡಿರುವುದು ಐದೈದು ಜನರ ವಾಟ್ಸ್‌ಆ್ಯಪ್ ಗುಂಪುಗಳನ್ನು. ಒಬ್ಬೊಬ್ಬರೂ ಒಂದು ನಿಮಿಷದ ಧ್ವನಿ ಸಂದೇಶದಲ್ಲಿ ತಮ್ಮ ಕಾರಣ ಹೇಳುತ್ತಾರೆ, ಇನ್ನೊಬ್ಬರದಕ್ಕೆ ಉತ್ತರಿಸುತ್ತಾರೆ, ಸಂಜೆಯೊಳಗೆ ಗುಂಪಿನ ಪರವಾಗಿ ಒಂದು ಉತ್ತರ ದೊಡ್ಡ ಗುಂಪಿಗೆ ಬರುತ್ತದೆ. ನೆಟ್‌ವರ್ಕ್ ಬಂದಾಗ ಬಂದವರೂ ಇದರಲ್ಲಿ ಭಾಗವಹಿಸಬಹುದು. ಸ್ಮಾರ್ಟ್‌ಫೋನ್ ಇಲ್ಲದವರನ್ನು ಅದೇ ಊರಿನ ಅಥವಾ ಪಕ್ಕದ ಬೀದಿಯ ಸಹಪಾಠಿಯ ಗುಂಪಿಗೆ ಸೇರಿಸಬೇಕು. ಗುಂಪು ಮಾಡುವಾಗ ಹಾಜರಿ ಪುಸ್ತಕದ ಕ್ರಮಕ್ಕಿಂತ ಊರಿನ ಹೆಸರು ನೋಡುವುದು ಉಪಯುಕ್ತ. ಹೊಸ ಆ್ಯಪ್‌ಗಳನ್ನು ಒಂದರ ಮೇಲೊಂದು ಪರಿಚಯಿಸುವ ಉತ್ಸಾಹ ಬೇಡ. ಬಹಳ ಅಧ್ಯಾಪಕರು ಕಲಿತು ರೂಢಿಸಿಕೊಂಡಿದ್ದ ಗೂಗಲ್ ಜಾಮ್‌ಬೋರ್ಡ್ ಎಂಬ ಆನ್‌ಲೈನ್ ಬರೆಯುವ ಹಲಗೆ 2024ರ ಕೊನೆಗೆ ನಿಂತೇಹೋಯಿತು. ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದು ಫೋಟೊ ಕಳಿಸುವುದು ಯಾವ ಕಂಪನಿಯ ತೀರ್ಮಾನದಿಂದಲೂ ನಿಲ್ಲುವುದಿಲ್ಲ.

ಎಲ್ಲಿಂದ ಆರಂಭಿಸಬೇಕು

ಎಲ್ಲ ವಿಷಯಗಳಲ್ಲಿ, ಎಲ್ಲ ತರಗತಿಗಳಲ್ಲಿ ಒಮ್ಮೆಲೇ ಆರಂಭಿಸಿದವರು ಎರಡನೆಯ ವಾರಕ್ಕೇ ಸುಸ್ತಾಗಿ ಬಿಟ್ಟುಬಿಡುವುದನ್ನು ನೋಡಿದ್ದೇನೆ. ಒಂದು ತರಗತಿ, ಒಂದು ಪತ್ರಿಕೆ, ವಾರಕ್ಕೆ ಒಂದೇ ಪ್ರಶ್ನೆ ಎಂದು ಹಿಡಿದರೆ ಒಂದು ಸೆಮಿಸ್ಟರ್‌ನಲ್ಲಿ ಹದಿನಾಲ್ಕೋ ಹದಿನೈದೋ ಪ್ರಶ್ನೆಗಳು ಸಿದ್ಧವಾಗುತ್ತವೆ. ಮೊದಲ ಎರಡು ಸಲ ಚರ್ಚೆ ಗಲಾಟೆಯಾಗಿ, ಪಕ್ಕದ ಕೊಠಡಿಯ ಸಹೋದ್ಯೋಗಿ ಬಂದು ಇಣುಕಿ ನೋಡಬಹುದು; ಅವರಿಗೆ ಮೊದಲೇ ಒಂದು ಮಾತು ಹೇಳಿಟ್ಟರೆ ಒಳಿತು. ಗಲಾಟೆ ನಿಲ್ಲಿಸಲು ಕೂಗುವ ಬದಲು ಕೈ ಎತ್ತಿ ನಿಲ್ಲಿ. ನೋಡಿದವರೂ ಕೈ ಎತ್ತಿ ಮಾತು ನಿಲ್ಲಿಸಬೇಕೆಂಬ ರೂಢಿ ಮಾಡಿದರೆ ಕ್ಷಣದಲ್ಲಿ ತರಗತಿ ಸ್ತಬ್ಧವಾಗುತ್ತದೆ.

ಪಿರಿಯಡ್ಡಿನ ಕೊನೆಯ ಚೀಟಿಗೆ ಅಂಕ ಕೊಡಬೇಡಿ, ಹೆಸರು ಬರೆಸುವುದೂ ಬೇಡ. "ಇವತ್ತು ಯಾವುದು ಇನ್ನೂ ಗೊಂದಲವಾಗಿದೆ?" ಎಂಬ ಒಂದೇ ಪ್ರಶ್ನೆ ಸಾಕು. ಎಪ್ಪತ್ತು ಚೀಟಿಗಳನ್ನು ಓದಲು ಮನೆಗೆ ಹೋಗುವ ಬಸ್ಸಿನಲ್ಲಿ ಹದಿನೈದು ನಿಮಿಷ ಹಿಡಿಯುತ್ತದೆ. ಅವುಗಳಲ್ಲಿ ಹೆಚ್ಚು ಸಲ ಬಂದ ಗೊಂದಲದಿಂದಲೇ ಮರುದಿನದ ಪಾಠವನ್ನು ಆರಂಭಿಸಿ, "ನಿನ್ನೆ ನಿಮ್ಮಲ್ಲಿ ಹಲವರು ಇದನ್ನು ಬರೆದಿದ್ದಿರಿ" ಎಂದು ಹೇಳಿ. ತಾವು ಬರೆದದ್ದನ್ನು ಯಾರೋ ಓದುತ್ತಾರೆ ಎಂದು ತಿಳಿದ ಮೇಲೆ ಚೀಟಿಗಳ ಮೇಲಿನ ಬರಹ ಒಂದು ಪದದಿಂದ ಎರಡು ವಾಕ್ಯಕ್ಕೆ ಬೆಳೆಯುತ್ತದೆ. ಓದಿದ ಚೀಟಿಗಳನ್ನು ಎಸೆಯದೆ ಅಧ್ಯಾಯವಾರು ರಬ್ಬರ್ ಬ್ಯಾಂಡ್ ಹಾಕಿ ಬೀರುವಿನಲ್ಲಿ ಇಟ್ಟುಕೊಳ್ಳಿ. ಮುಂದಿನ ವರ್ಷ ಅದೇ ಅಧ್ಯಾಯಕ್ಕೆ ಬಂದಾಗ, ಆ ಕಟ್ಟನ್ನು ಬಿಚ್ಚಿ, ವಿದ್ಯಾರ್ಥಿಗಳ ಕೈಬರಹದಲ್ಲಿರುವ ತಪ್ಪು ಕಾರಣಗಳನ್ನೇ ಹೊಸ ಪ್ರಶ್ನೆಯ ಎರಡನೆಯ, ಮೂರನೆಯ, ನಾಲ್ಕನೆಯ ಆಯ್ಕೆಗಳಾಗಿ ಬೋರ್ಡಿನ ಮೇಲೆ ಬರೆಯಬಹುದು.